ಗಿಳಿಕೊಕ್ಕಿನ ಬಂಡೆಯ ಚಿನ್ನದ ಹಲ್ಲಿ

ನಮ್ಮ ಅಕ್ಕ ಹುಡುಗಿಯಾಗಿದ್ದಾಗ, ಬಂಡೆಯ ಮೇಲೆ ಚಿನ್ನದ ಬಣ್ಣದ ಹಲ್ಲಿಯನ್ನು ಕಂಡೆನೆಂದು ಕೂಗುತ್ತ ಓಡಿಬಂದಳು. ಅಲ್ಲಿದ್ದವರು ಎದ್ದು ಹೋಗಿ ನೋಡಿದರು. ಕಲ್ಲಿತ್ತು, ನೆರಳಿತ್ತು, ಹಲ್ಲಿ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಅವಳಿಗೆ ಚಿನ್ನದ ಹಲ್ಲಿ ಎಂದೇ ಹೆಸರು. ಮದುವೆಯಾಯಿತು, ಮಕ್ಕಳಾದರು, ತಲೆ ಬೆಳ್ಳಗಾಯಿತು, ಹೆಸರು ಮಾತ್ರ ಮಾಸಲಿಲ್ಲ. ಅವಳು ಏನನ್ನಾದರೂ ಸ್ವಲ್ಪ ಉಮೇದಿನಿಂದ ಹೇಳಹೊರಟರೆ ಸಾಕು, ನಮ್ಮ ತಮ್ಮ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚ್ ಲೊಚ್ ಎನ್ನುತ್ತಿದ್ದ. ಮನೆಮಂದಿಯೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಒಂದು ದಿನವೂ ಮಾತು ಬದಲಿಸಲಿಲ್ಲ. "ಕಂಡಿದ್ದು ಕಂಡಿದ್ದೇ" ಎನ್ನುತ್ತಿದ್ದಳು.

ಅಂಥವಳು ಮೊನ್ನೆ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ನಾನು ಕ್ಷೌರಿಕ. ಅಪ್ಪನೂ ಅದೇ. ನಿಂತು ನಿಂತು ಕಾಲು ಸೋತ ಮೇಲೆ ಕತ್ತರಿಯನ್ನು ಮಗನಿಗೆ ಕೊಟ್ಟಿದ್ದೇನೆ. ಟವೆಲು ಮಡಿಸುವುದು, ಕನ್ನಡಿ ಒರೆಸುವುದು ಈಗ ನನ್ನ ಪಾಲಿನ ಕೆಲಸ. ಮಾತು ನನಗೆ ಮೊದಲಿನಿಂದಲೂ ಕಡಿಮೆ. ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು "ಸರಿಯಾ?" ಎಂದು ಕೇಳುವುದು, ಅದೊಂದೇ ನಾನು ಅಂಗಡಿಯಲ್ಲಿ ಆಡಿದ ಮಾತು ಎಂದು ಜನ ತಮಾಷೆ ಮಾಡುತ್ತಾರೆ. ಹಾಗೆ ಹೇಳಿ ಹೇಳಿ ನನ್ನ ಹೆಸರು ಮೂಕಯ್ಯ ಎಂದಾಗಿದೆ.

ಮಗ ಊಟಕ್ಕೆ ಹೋಗಿದ್ದ. ಅಕ್ಕ ಗೋಡೆಯ ದೊಡ್ಡ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಹೇಳಿದಳು:

"ಮೂಕಯ್ಯ, ನಿಂಗೆ ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ, ಅದಕ್ಕೇ ಬಂದೆ. ನಂಗೇ ಈಗ ಅನುಮಾನ ಬಂದ್ಬಿಟ್ಟಿದೆ ಕಣೋ."

ನಾನು ಟವೆಲು ಕೆಳಗಿಟ್ಟೆ.

"ಆ ಹಲ್ಲಿ. ನಿಜವಾಗ್ಲೂ ನೋಡಿದ್ನಾ? ಇಲ್ಲ, ಹೇಳಿ ಹೇಳಿ ನಾನೇ ನಂಬ್ಕೊಂಡ್ನಾ? ಮೊದಲೆಲ್ಲ ಕಣ್ಣು ಮುಚ್ಚಿದ್ರೆ ಆ ಹಳದಿ ಝಗ್ ಅಂತಿತ್ತು. ಈಗ ಬರೀ ಮಾತಷ್ಟೇ ಉಳ್ಕೊಂಡಿದೆ, ಬಣ್ಣ ಹೋಗಿದೆ. ಅದೇ ಸುಳ್ಳಾದ್ರೆ ನಾನು ನೆನಪಿಟ್ಕೊಂಡಿರೋ ಮಿಕ್ಕಿದ್ದೆಲ್ಲ ಏನು ಗತಿ? ಅಮ್ಮನ ಮುಖ, ನಮ್ಮೆಜಮಾನ್ರ ದನಿ... ಅದೆಲ್ಲ ನಾನೇ ಕಟ್ಕೊಂಡಿದ್ದಾ?"

ನಾನು ಅವಳ ಜಡೆಯನ್ನು ಬಿಚ್ಚಿ, ಬಾಚಿ, ಮತ್ತೆ ಹೆಣೆದು ಕೊಟ್ಟೆ. ಅಷ್ಟು ಹೊತ್ತೂ ಅವಳು ಸುಮ್ಮನೆ ಕೂತಿದ್ದಳು. ಅಕ್ಕ ಸುಮ್ಮನೆ ಕೂತದ್ದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಕ್ಕನ ಮೊಮ್ಮಗಳು ಮೃಗಾಲಯದಲ್ಲಿ ಹಾವಿನ ಮನೆ ನೋಡಿಕೊಳ್ಳುತ್ತಾಳೆ. ರಜೆ ಬಂದರೂ ಕಲ್ಲು ಮುಳ್ಳು ಎನ್ನದೆ ಹಾವು, ಹಲ್ಲಿ, ಕಪ್ಪೆಗಳನ್ನು ಹುಡುಕಿಕೊಂಡು ಹೋಗುವವಳು. ಅಜ್ಜಿಯ ಕತೆ ಕೇಳಿಕೊಂಡೇ ಬೆಳೆದವಳಾದ್ದರಿಂದ ಹಿಂದೆ ಒಂದೆರಡು ಸಲ ಆ ಬಂಡೆಗಳ ಕಡೆಗೂ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಅವಳಿಗೆ ನಾನು ಒಂದೇ ಮಾತು ಹೇಳಿದೆ, "ಅಜ್ಜಿಯನ್ನೇ ಕರ್ಕೊಂಡು ಹೋಗು" ಎಂದು. ಅವಳು ಖುಷಿಯಿಂದ ಜಿಗಿದಳು. "ಎಲ್ಲರೂ ಹೋಗೋಣ ತಾತ! ನಿಮ್ಮಂಗಡೀಲಿರೋ ಕೈಗನ್ನಡಿಗಳನ್ನೆಲ್ಲ ತನ್ನಿ. ಬಿರುಕಿನೊಳಗೆ ಬಿಸಿಲು ಬಿಡೋದಕ್ಕೆ ಕನ್ನಡಿಯಷ್ಟು ಒಳ್ಳೇದು ಯಾವುದೂ ಇಲ್ಲ."

ಹಾಗೆ ಭಾನುವಾರ ಬೆಳಕು ಹರಿಯುವ ಮೊದಲೇ ನಾವು ತಮ್ಮನ ಹಳೇ ಕಾರಿನಲ್ಲಿ ಹೊರಟೆವು. ತಮ್ಮ ಬಸ್ಸು ಓಡಿಸಿ ನಿವೃತ್ತನಾದವನು. ಕಾರನ್ನೂ ಬಸ್ಸಿನಂತೆಯೇ ಓಡಿಸುತ್ತಾನೆ. ಎಲ್ಲರೂ ಕೂತರೋ ಎಂದು ತಿರುಗಿ ನೋಡಿ, ಬಾಗಿಲನ್ನು ಎರಡು ಸಲ ಬಡಿದು "ರೈಟ್" ಎನ್ನದೆ ಹೊರಡುವುದಿಲ್ಲ.

"ಅಕ್ಕಾ, ಹಲ್ಲಿ ಸಿಕ್ಕಿದ್ರೆ ತೂಕ ಹಾಕಿಸೋಣ್ವಾ, ಇಲ್ಲ ಹಾಗೇ ಮೂಗುತಿ ಮಾಡಿಸ್ಕೋತೀಯಾ?"

"ರಸ್ತೆ ನೋಡಿ ಓಡಿಸೋ. ಸಿಕ್ಕಿದ್ರೆ ನಿನ್ನ ಬಾಯಿಗೆ ಹಾಕ್ತೀನಿ, ಅವತ್ತಾದ್ರೂ ಮುಚ್ಚುತ್ತೆ."

"ಲೊಚ್ ಲೊಚ್."

"ಚಿಕ್ಕತಾತ, ಹಾಗೆ ಲೊಚಗುಟ್ಟಿದ್ರೆ ನಿಜವಾದ ಹಲ್ಲಿ ನಿಮ್ಮನ್ನ ಹುಡುಕ್ಕೊಂಡು ಬರುತ್ತೆ" ಎಂದು ಮೊಮ್ಮಗಳು ನಕ್ಕಳು. ಅಕ್ಕನೂ ನಕ್ಕಳು. ಆದರೆ ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

ಬಿಸಿಲು ಏರುವ ಹೊತ್ತಿಗೆ ಬಂಡೆಗಳು ಕಂಡವು. ನಾನು ಅಲ್ಲಿಗೆ ಬಂದದ್ದು ಚಿಕ್ಕಂದಿನಲ್ಲಿ. ಆಗ ಇಲ್ಲಿ ಕಲ್ಲು ಒಡೆಯುವವರ ಬಿಡಾರವಿತ್ತು. ಅಪ್ಪ ವಾರಕ್ಕೊಮ್ಮೆ ಪೆಟ್ಟಿಗೆ ಹೊತ್ತುಕೊಂಡು ಬಂದು ಅವರ ಕೂದಲು ಕತ್ತರಿಸುತ್ತಿದ್ದ; ಅಕ್ಕ ನೀರು ಹಿಡಿಯಲು, ನಾನು ಸುಮ್ಮನೆ ಜೊತೆಗೆ. ತಮ್ಮ ಆಗಿನ್ನೂ ಅಮ್ಮನ ಮಡಿಲಲ್ಲಿದ್ದ. ಈಗ ಬಿಡಾರದ ಗುರುತೂ ಇಲ್ಲ, ಆಗಿನ ಕಾಲುದಾರಿಯೂ ಇಲ್ಲ. ಡಾಂಬರು ರಸ್ತೆ ಬೇರೆಲ್ಲಿಂದಲೋ ಬಂದು ಸೇರುತ್ತದೆ. ಬಂಡೆಗಳು ಮಾತ್ರ ಹಾಗೆಯೇ ಇದ್ದವು: ಒಂದರ ಮೇಲೊಂದು ಹತ್ತಿ ಕೂತವು, ಒಂದಕ್ಕೊಂದು ಒರಗಿ ನಿದ್ದೆ ಮಾಡುವವು, ಈಗಲೋ ಆಗಲೋ ಉರುಳುತ್ತವೆ ಎನಿಸಿದರೂ ಉರುಳದವು.

ತಮ್ಮ ಒಂದು ದೊಡ್ಡ ಬಂಡೆಯ ನೆರಳಲ್ಲಿ ಕಾರು ನಿಲ್ಲಿಸಿದ. ಅದರ ನೆತ್ತಿಯಿಂದ ಕಲ್ಲು ಮುಂದಕ್ಕೆ ಚಾಚಿ, ಗಿಳಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿತ್ತು.

ಅಕ್ಕ ಇಳಿದು ನೋಡಿ ನಿಂತಳು. ಅವಳ ಕತೆಯಲ್ಲಿ ಗಿಳಿಬಂಡೆ ಇತ್ತು. ಹಲ್ಲಿ ಕಂಡದ್ದು ಅದರ ಕೊಕ್ಕಿನಡಿಯಲ್ಲಿ. ನಾವೆಲ್ಲ ಅವಳ ಮುಖ ನೋಡಿದೆವು. ಅವಳು ತಲೆಯಾಡಿಸಿದಳು.

"ಇದಲ್ಲ. ನನ್ನ ಗಿಳಿ ಎಡಕ್ಕೆ ನೋಡ್ತಿತ್ತು. ಇದು ಬಲಕ್ಕೆ ನೋಡುತ್ತೆ."

"ಇಷ್ಟು ವರ್ಷ ಒಂದೇ ಕಡೆ ನೋಡಿ ಕುತ್ತಿಗೆ ಹಿಡ್ಕೊಂಡಿರಬೇಕು ಅಕ್ಕಾ, ತಿರುಗಿ ಕೂತಿದೆ" ಎಂದ ತಮ್ಮ.

"ನಾನೂ ಹಿಂದೆ ಬಂದಾಗ ಇದನ್ನ ಇದೇ ಲೆಕ್ಕದಲ್ಲಿ ಬಿಟ್ಟೆ ಅಜ್ಜಿ" ಎಂದಳು ಮೊಮ್ಮಗಳು. "ಎಡಕ್ಕೆ ನೋಡೋದು ಇನ್ನೂ ಒಳಗೆಲ್ಲೋ ಇರಬೇಕು. ನಡೀರಿ."

ಅವಳು ನಮ್ಮೆಲ್ಲರ ಕೈಗೆ ಒಂದೊಂದು ಕನ್ನಡಿ ಕೊಟ್ಟಳು. ಅಪ್ಪನ ಮರದ ಹಿಡಿಯ ಕನ್ನಡಿ ಅಕ್ಕನ ಕೈಗೆ ಹೋಯಿತು. ಆಮೇಲೆ ಪಾಠ ಶುರುವಾಯಿತು. ಕಲ್ಲು ಎತ್ತುವಾಗ ಆಚೆ ಅಂಚು ಹಿಡಿದು ನಮ್ಮ ಕಡೆಗೆ ಎತ್ತಬೇಕು. ಆಗ ಒಳಗಿರುವುದು ನಮ್ಮ ಕಾಲಿಗೆ ಬಾರದೆ ಆಚೆಗೆ ಓಡುತ್ತದೆ. ನೋಡಿದ ಮೇಲೆ ಕಲ್ಲನ್ನು ಎತ್ತಿದ ಹಾಗೆಯೇ ಇಡಬೇಕು. "ಅದು ಅವರ ಮನೆ ಬಾಗಿಲು. ನಿಮ್ಮನೆ ಬಾಗಿಲು ಯಾರಾದ್ರೂ ಕಿತ್ತು ಬಿಸಾಕಿದ್ರೆ ಹೇಗಿರುತ್ತೆ?" ಕಣ್ಣಿಗೆ ಕಾಣದ ಕಡೆ ಕೈ ಹಾಕುವಂತಿಲ್ಲ. ಯಾವುದನ್ನೂ ಹಿಡಿಯುವಂತಿಲ್ಲ.

ನಾನು ಎತ್ತಿದ ಮೊದಲ ಚಪ್ಪಡಿಯಡಿಯಲ್ಲೇ ಒಂದು ನೆಲಗಪ್ಪೆ ಕೂತಿತ್ತು. ಮಣ್ಣಿನ ಉಂಡೆ ಎಂದುಕೊಂಡೆ. ಉಂಡೆ ಕಣ್ಣು ಬಿಟ್ಟಿತು. ಎಂಥ ಕಣ್ಣು! ಮೈಯೆಲ್ಲ ಗಂಟು ಗಂಟು, ಕಣ್ಣು ಮಾತ್ರ ತಾಮ್ರದ ಪುಡಿ ಉದುರಿಸಿದ ಹಾಗೆ. ನಿದ್ದೆಯಿಂದ ಎಬ್ಬಿಸಿದ ಗಿರಾಕಿಯಂತೆ ನನ್ನನ್ನು ಗುರಾಯಿಸಿತು.  "ಬನ್ನಿ, ಬನ್ನಿ, ಇಲ್ಲಿ ಬನ್ನಿ!" ಎಂದು ಕೂಗಿದೆ.

"ಅಣ್ಣ ಕೂಗಿದ!" ಎಂದು ತಮ್ಮ ಅಲ್ಲಿಂದಲೇ ಚೀರಿದ. "ಕಪ್ಪೆ ಬಿಡಿ, ಮೂಕಯ್ಯ ಮಾತಾಡಿದ್ದನ್ನ ಫೋಟೋ ತೆಗೀರಿ!"

ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಬಂಡೆಯ ಕುಳಿಯಲ್ಲಿ ನಿಂತ ನೀರಿನಲ್ಲಿ ಗೊದಮೊಟ್ಟೆಗಳು. ಕೆಲವಕ್ಕೆ ಹಿಂಗಾಲು ಮೂಡಿ, ಇನ್ನೂ ಬಾಲ ಬಿಡದೆ, ಯಾವ ಕಡೆಗೆ ಸೇರಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವು. ಒಂದು ಹಾವುರಾಣಿ ಎಣ್ಣೆ ಹಚ್ಚಿದ ಕಂಚಿನ ಹಾಗೆ ಹೊಳೆಯುತ್ತ ಅಕ್ಕನ ಚಪ್ಪಲಿಯ ಮೇಲೆಯೇ ಹರಿದು ಹೋಯಿತು. ಅಕ್ಕ "ಅಯ್ಯೋ!" ಎಂದು ಕುಣಿದು, ಆಮೇಲೆ ಅದು ಹೋದ ಸಂದಿಯ ಮುಂದೆ ಬಗ್ಗಿ "ಬಾರೇ ಇನ್ನೊಂದ್ಸಲ" ಎಂದು ಕರೆದಳು. ತಮ್ಮ ಎತ್ತಿದ ಕಲ್ಲಿನಡಿಯಿಂದ ಬೆರಳಿನಷ್ಟು ದಪ್ಪದ ಹಾವೊಂದು ನೀರಿನಂತೆ ಹರಿದು ಆಚೆಗೆ ಹೋಯಿತು. ಪಾಠ ಕೇಳಿ ತನ್ನ ಕಡೆಗೆ ಎತ್ತಿದ್ದಕ್ಕೆ ಬಚಾವಾದ. ಕಲ್ಲನ್ನು ಹಿಡಿದುಕೊಂಡೇ ನಿಂತುಬಿಟ್ಟಿದ್ದ.

"ಇಡಿ ಚಿಕ್ಕತಾತ, ಬಾಗಿಲು ಮುಚ್ಚಿ."

"ಕೈ ಬರ್ತಿಲ್ಲ ಕಣಮ್ಮ. ಬ್ರೇಕ್ ಫೇಲ್."

ಕನ್ನಡಿಯದ್ದೇ ಒಂದು ಆಟ. ಬಿಸಿಲನ್ನು ಹಿಡಿದು ಬಿರುಕಿನೊಳಗೆ ಎಸೆದರೆ ಕತ್ತಲೆಯಲ್ಲಿ ಒಂದು ಕೋಣೆಯೇ ತೆರೆದುಕೊಳ್ಳುತ್ತಿತ್ತು: ಜೇಡರ ಬಲೆ, ಒಣಗಿದ ಎಲೆ, ಒಂದು ಕಡೆ ಸಾಲಾಗಿ ಅಂಟಿಕೊಂಡ ಪುಟ್ಟ ಕಪ್ಪೆಗಳು. ನನ್ನ ಬಿಸಿಲು ಅಭ್ಯಾಸಬಲದಿಂದ ಮೇಲಿಂದ ಮೇಲೆ ತಮ್ಮನ ಬೋಳುತಲೆಯ ಹಿಂಭಾಗಕ್ಕೇ ಹೋಗುತ್ತಿತ್ತು. "ಅಲ್ಲಿ ಕತ್ತರಿಸೋಕೆ ಏನೂ ಉಳಿದಿಲ್ಲ ಅಣ್ಣ, ಹುಡುಕಬೇಡ" ಎಂದ.

ಕೊನೆಗೂ ಎಡಕ್ಕೆ ನೋಡುವ ಬಂಡೆಯೊಂದು ಸಿಕ್ಕಿತು. ಮೊಮ್ಮಗಳೇ ಕಂಡು ಕೂಗಿದಳು. ಗಿಳಿ ಎನ್ನಲು ಸ್ವಲ್ಪ ಧೈರ್ಯ ಬೇಕಿತ್ತು, ಆದರೂ ಕೊಕ್ಕಿತ್ತು, ಅದು ಎಡಕ್ಕಿತ್ತು. ನಾವೆಲ್ಲ ಓಡಿದೆವು, ಓಡಲಾರದವರೂ ಓಡಿದೆವು. ಬಿರುಕು ಬಿರುಕಿಗೂ ಬೆಳಕು ಬಿಟ್ಟೆವು. ಹಾವು ಕಳಚಿಟ್ಟ ಪೊರೆಯೊಂದು ಗಾಳಿಗೆ ಸರಸರ ಎನ್ನುತ್ತಿತ್ತು. ಮೇಲಿಂದ ಓತಿಕ್ಯಾತವೊಂದು ತಲೆ ಕುಣಿಸುತ್ತ ನಮ್ಮನ್ನು ಲೆಕ್ಕ ಹಾಕುತ್ತಿತ್ತು. ಹಲ್ಲಿ ಇರಲಿಲ್ಲ.

ಅಕ್ಕ ಕೈಯಿಂದ ಆ ಕಲ್ಲನ್ನು ತಡವಿ ನೋಡಿದಳು. "ಇದೂ ಅಲ್ಲ ಅನ್ಸುತ್ತೆ. ಎಲ್ಲಿತ್ತೋ. ಇತ್ತೋ ಇಲ್ವೋ." ಆಮೇಲೆ ಯಾರ ಮುಖವನ್ನೂ ನೋಡದೆ, "ಬಿಡಿ. ಕಪ್ಪೆ ನೋಡಿದ್ವಲ್ಲ, ಚೆನ್ನಾಗಿತ್ತು" ಎಂದಳು.

ತಮ್ಮನ ನಾಲಿಗೆ ಅಂಗುಳಕ್ಕೆ ತಾಗಿದ್ದನ್ನು ನಾನು ಕಂಡೆ. ಆದರೆ ಸದ್ದು ಬರಲಿಲ್ಲ. ಅವನು ಅಕ್ಕನ ಕೈ ಹಿಡಿದು ಕಲ್ಲುಗಳ ನಡುವೆ ಇಳಿಸಿಕೊಂಡು ಬಂದ.

ಕಾರಿನ ಹತ್ತಿರ ಊಟಕ್ಕೆ ಕೂತೆವು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಚಹಾ. ಅಕ್ಕ ಏನೂ ಮುಟ್ಟಲಿಲ್ಲ. ಬಲಕ್ಕೆ ನೋಡುವ ಆ ಮೊದಲ ಬಂಡೆಗೆ ಬೆನ್ನು ಹಾಕಿ, ಅದರ ಬುಡದ ಚಪ್ಪಟೆ ಕಲ್ಲಿನ ಮೇಲೆ ಕೂತು, ಗಾಳಿಗೆ ಕೆದರಿದ ಕೂದಲನ್ನು ಸರಿಮಾಡಿಕೊಳ್ಳಲು ಅಪ್ಪನ ಕನ್ನಡಿಯನ್ನು ಮುಖದ ಮುಂದೆ ಹಿಡಿದಳು. ಒಂದು ಕೈಯಿಂದ ಕಿವಿಯ ಹಿಂದಿನ ಕೂದಲು ಸಿಕ್ಕಿಸಿದಳು. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದಳು.

ಕೈ ಅಲ್ಲೇ ನಿಂತಿತು.

"ಎಡಕ್ಕೆ" ಎಂದಳು.

"ಏನಜ್ಜಿ?"

"ಗಿಳಿ. ಎಡಕ್ಕೆ ನೋಡ್ತಿದೆ." ದನಿ ಏರಿತು. "ಇಲ್ಲಿ ಬಾರೋ ಡ್ರೈವರ್ರೇ, ಬಾ, ಬಗ್ಗು, ಇದರೊಳಗೆ ನೋಡು! ಯಾವ ಕಡೆಗಿದೆ ಕೊಕ್ಕು?"

ತಮ್ಮ ಬಾಯಲ್ಲಿದ್ದ ಮೊಟ್ಟೆಯ ಸಮೇತ ಅವಳ ಭುಜದ ಹಿಂದಿನಿಂದ ಬಗ್ಗಿ ಕನ್ನಡಿ ನೋಡಿದ. ತಿರುಗಿ ಬಂಡೆ ನೋಡಿದ. ಮತ್ತೆ ಕನ್ನಡಿ ನೋಡಿದ. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಲೇ ಬದುಕು ಕಳೆದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಟ್ಟೆಯನ್ನು ನುಂಗಿದ.

"ಅಕ್ಕಾ! ಅವತ್ತು ನೀನು ಕನ್ನಡಿ ಹಿಡ್ಕೊಂಡಿದ್ಯಾ?"

"ಹಿಡ್ಕೊಂಡಿದ್ದೆ ಕಣೋ! ಹಿಡ್ಕೊಂಡಿದ್ದೆ! ಅಪ್ಪ ಕನ್ನಡಿ ಮುಟ್ಟಬೇಡ ಅಂತಿದ್ದ. ಕದ್ದು ತಗೊಂಡು, ಬಂಡೆಗೆ ಬೆನ್ನು ಹಾಕಿ ಕೂತು ಜಡೆ ನೋಡ್ಕೊಳ್ತಿದ್ದೆ. ಅಪ್ಪ ಬೈತಾನೆ ಅಂತ ಯಾರಿಗೂ ಹೇಳ್ಲಿಲ್ಲ, ಹೇಳದೆ ಹೇಳದೆ ನಾನೇ ಮರೆತೆ ನೋಡು! ಈ ಕನ್ನಡೀಲೇ ಕಂಡಿದ್ದು ನಂಗೆ!"

ಆಗ ನನಗೂ ನೆನಪಾಯಿತು. ಕೂಗುತ್ತ ಓಡಿಬಂದ ಹುಡುಗಿಯ ಒಂದು ಕೈ ಬಂಡೆಯ ಕಡೆಗೆ ಚಾಚಿತ್ತು. ಇನ್ನೊಂದು ಕೈ ಲಂಗದ ಹಿಂದೆ ಅಡಗಿತ್ತು. ಅಷ್ಟು ಸಲ ಆ ದಿನವನ್ನು ನೆನೆದಿದ್ದರೂ ಆ ಅಡಗಿದ ಕೈ ಯಾಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಜನ ಎದ್ದುಹೋಗಿ ನೋಡಿದ್ದೂ ನಿಂತುಕೊಂಡು. ಅವಳು ಕಂಡದ್ದು ನೆಲದ ಮೇಲೆ ಕೂತು.

ಮೊಮ್ಮಗಳು ಆಗಲೇ ಕೊಕ್ಕಿನಡಿಗೆ ನುಗ್ಗಿ ಮಣ್ಣಿನಲ್ಲಿ ಅಂಗಾತ ಮಲಗಿದ್ದಳು. ನಿಂತರೆ ಕಲ್ಲಿನ ಉಬ್ಬೊಂದು ಅಡ್ಡ ಬರುತ್ತಿತ್ತು. ಮಲಗಿ ನೋಡಿದರೆ ಅದರ ಹಿಂದೆ, ಕೊಕ್ಕಿನ ಒಳಮಗ್ಗುಲಲ್ಲಿ, ಒಂದು ಮಡಿಕೆ.

"ಬಿಸಿಲು! ಯಾರಾದ್ರೂ ಬಿಸಿಲು ಕೊಡಿ!"

ತಮ್ಮ ನೆರಳಿನಾಚೆ ಓಡಿ ನಿಂತು ಕನ್ನಡಿ ತಿರುಗಿಸಿದ. ಬೆಳಕಿನ ತುಂಡು ಅತ್ತ ಇತ್ತ ಓಡಾಡಿ, ಕಾರಿನ ಮೇಲೆ ಹರಿದು, ಮಡಿಕೆಯೊಳಗೆ ಹೊಕ್ಕಿತು.

"ಮೊಟ್ಟೆ" ಎಂದು ಅವಳು ಪಿಸುಗುಟ್ಟಿದಳು. "ದೇವರೇ, ಎಷ್ಟು ಮೊಟ್ಟೆ! ಕಲ್ಲಿಗೇ ಅಂಟಿಸಿಬಿಟ್ಟಿವೆ. ಹಳೇ ಸಿಪ್ಪೆ ಪಕ್ಕದಲ್ಲೇ ಹೊಸದು. ಇಲ್ಲೇ ಹುಟ್ಟಿ, ಮತ್ತೆ ಇಲ್ಲೇ ಬಂದು ಇಡ್ತಿವೆ..." ಅವಳ ಮಾತು ತುಂಡಾಯಿತು. "ಅಲ್ಲಾಡಬೇಡಿ. ಯಾರೂ ಅಲ್ಲಾಡಬೇಡಿ."

ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿ ಬಗ್ಗಿದೆ. ಕಲ್ಲಿನ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಗುಂಪು ಗುಂಪು ಮೊಟ್ಟೆ. ಅವುಗಳ ನಡುವೆ ತಲೆ ಕೆಳಗಾಗಿ, ಬೆರಳು ಅಗಲಿಸಿ, ಒಂದು ಹಲ್ಲಿ. ಹಳದಿ ಎಂದರೆ ಸಾಲದು. ಬೆಳಕು ಬಿದ್ದ ಕಡೆ ಅದು ಉರಿಯುತ್ತಿತ್ತು. ನಾಲಿಗೆ ಹೊರಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಂಡಿತು.

ತಮ್ಮನಿಗೆ ತಡೆಯಲಾಗಲಿಲ್ಲ. ಕನ್ನಡಿಯನ್ನು ಅಲ್ಲೇ ಬಿಸಿಲಲ್ಲಿದ್ದ ಬಂಡೆಯೊಂದರ ಮೇಲೆ ಸಣ್ಣ ಕಲ್ಲು ಕೊಟ್ಟು ನಿಲ್ಲಿಸಿ, ಬೆಳಕು ಮಡಿಕೆಗೆ ಬೀಳುವಂತೆ ಮಾಡಿ, ಓಡಿಬಂದು ಮಣ್ಣಿನಲ್ಲಿ ಬಿದ್ದುಕೊಂಡ. ನೋಡಿದ.  ಆಮೇಲೆ ಎದ್ದು ಕೂತು, "ಇದೆ ಅಕ್ಕಾ" ಎಂದ. 

"ಸುಳ್ಳು" ಎಂದಳು ಅಕ್ಕ.

"ನನ್ನಾಣೆ ಇದೆ ಅಕ್ಕಾ! ಚಿನ್ನದ ಹಾಗೇ ಇದೆ!"

"ಬಿಸಿಲಿಗೆ ಕಣ್ಣು ಮೋಸ ಮಾಡುತ್ತೆ. ನೀನೇ ಹೇಳ್ತಿದ್ಯಲ್ಲ. ಯಾವುದೋ ಒಣಗಿದ ಎಲೆ ಇರಬೇಕು."

"ಅಯ್ಯೋ, ನಂಬೇ! ನಾನ್ಯಾಕೆ ಸುಳ್ಳು ಹೇಳ್ಲಿ?"

"ಅದನ್ನೇ ನಾನೂ ಕೇಳ್ತಿದ್ದೆ ಕಣೋ, ಇಷ್ಟು ವರ್ಷ" ಎಂದಳು. ತಮ್ಮ ತಲೆ ತಗ್ಗಿಸಿ ಮೈಮೇಲಿನ ಮಣ್ಣು ಕೊಡವತೊಡಗಿದ.

ಆದರೆ ಅವಳ ಕಣ್ಣು ಮಡಿಕೆಯ ಕಡೆಗೇ ಇತ್ತು. ಅವಳಿಗೆ ಮಲಗಲಾಗದು, ಕತ್ತು ಹಿಂದಕ್ಕೆ ಚೆಲ್ಲಿದರೆ ತಲೆ ತಿರುಗಿ ಬೀಳುತ್ತಾಳೆ, ಡಾಕ್ಟರು ಬೇಡವೆಂದಿದ್ದಾರೆ. ಮೊಮ್ಮಗಳು ಫೋನಿನಲ್ಲಿ ಚಿತ್ರ ತೆಗೆದು ತಂದು ಮುಖದ ಮುಂದೆ ಹಿಡಿದಳು. ಅಕ್ಕ ಅದನ್ನು ಪಕ್ಕಕ್ಕೆ ತಳ್ಳಿದಳು.

"ಫೋನಲ್ಲಿ ಆನೆ ಬೇಕಾದ್ರೂ ಹಾರುತ್ತೆ. ನಂಗೆ ಬೇಡ. ನನ್ನ ಕಣ್ಣಿಂದ ನೋಡಬೇಕು."

ನಾನು ಅವಳ ತೋಳು ಹಿಡಿದು ಕೊಕ್ಕಿನಡಿಗೆ ಕರೆತಂದೆ. ಬಂಡೆಗೆ ಬೆನ್ನು ಮಾಡಿ ನೆಲದ ಮೇಲೆ ಕೂರಿಸಿದೆ. ಅವಳಿಗೆ ಅರ್ಥವಾಯಿತು, ತುಟಿ ಬಿಗಿಹಿಡಿದು ನೆಟ್ಟಗೆ ಕೂತಳು, ಕತ್ತರಿ ಹತ್ತಿರ ಬಂದಾಗ ಮಕ್ಕಳು ಕೂರುವ ಹಾಗೆ. ಅಪ್ಪನ ಕನ್ನಡಿಯನ್ನು ಅವಳ ಎದುರಿಗೆ ಎತ್ತಿ ಹಿಡಿದೆ. ಅಂಗಡಿಯಲ್ಲಿ ತಲೆಯ ಹಿಂಭಾಗ ತೋರಿಸಲು ಎಷ್ಟೋ ಸಾವಿರ ಸಲ ಮಾಡಿದ ಕೆಲಸವೇ. ಅವಳ ಕಣ್ಣು ನೋಡುತ್ತ ಕನ್ನಡಿಯನ್ನು ಒಂದಿಷ್ಟು ಬಗ್ಗಿಸಿದೆ. ಅವಳ ನೆರೆತ ಬೈತಲೆ ಬಂತು, ಆಕಾಶ ಬಂತು, ಎಡಕ್ಕೆ ನೋಡುವ ಕೊಕ್ಕು ಬಂತು. ಇನ್ನೊಂದಿಷ್ಟು ಓರೆ ಮಾಡಿದೆ.

ಹಲ್ಲಿ ಸಿಕ್ಕಿತೆಂದು ಅವಳ ಮುಖದಲ್ಲೇ ಕಂಡಾಗ ನಾನು ಕೈ ನಿಲ್ಲಿಸಿದೆ.

ಹಲ್ಲಿಗೆ ಏನನ್ನಿಸಿತೋ, ಲೊಚ್ ಲೊಚ್ ಎಂದಿತು. ತಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಸರಿಯಾ?" ಎಂದು ಕೇಳಿದೆ.

ಅಕ್ಕ ಕಣ್ಣು ಮಿಟುಕಿಸಲಿಲ್ಲ. "ಅದೇ ಹಳದಿ ಕಣೋ" ಎಂದಳು. "ಅಪ್ಪ ಬಿಳೀ ಬಟ್ಟೆ ಝಾಡಿಸ್ತಿದ್ದ. ನೀನು ಪೆಟ್ಟಿಗೆ ಮೇಲೆ ಕೂತು ಬಾಚಣಿಗೆ ಕಚ್ತಿದ್ದೆ. ಎಲ್ಲ ಅದೇ. ಎಲ್ಲ ಇತ್ತು."  ಮತ್ತೆ ಅವಳ ಹಳೇ ದನಿ ಬಂತು: "ಕೈ ಇಳಿಸಬೇಡ, ಅಲ್ಲೇ ಹಿಡ್ಕೋ! ನಿಂಗೇನು ಅಂಗಡಿ ಮುಚ್ಚೋ ಹೊತ್ತಾಯ್ತಾ? ಇನ್ನೂ ನೋಡಬೇಕು ನಾನು."

ತೋಳು ನೋಯುತ್ತಿತ್ತು. ನಾನು ಹಿಡಿದೇ ಇದ್ದೆ.